ಬಗ್ಗದ ಬೂಟಿನ ನಮಾಜು

ಅಣ್ಣ ಫರ್ಹೋ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ತೆಮೋ ಟರ್ಕಿಯ ಬಿತ್ಲಿಸ್ ಬೆಟ್ಟದ ಮೇಲೆ, ಹಿಮದಲ್ಲಿ ಜಾರುವವರನ್ನು ಮೇಲಕ್ಕೊಯ್ಯುವ ಸ್ಕೀ ಲಿಫ್ಟ್ ನಡೆಸುತ್ತಿದ್ದ. ಮಧ್ಯಾಹ್ನದ ನಮಾಜಾದ ಕೂಡಲೇ ದೂರದ ಹಳ್ಳಿಯಲ್ಲಿ ದಫನ. ಮೇಲೆ ಹೋದವರೆಲ್ಲ ಇಳಿದು ಬಾರದೆ ಅವನು ಕದಲುವಂತಿರಲಿಲ್ಲ. ಕಾಯಿಸಿ ಕಾಯಿಸಿ, ಮಧ್ಯಾಹ್ನ ಕಳೆದ ಮೇಲೆ, ಕೊನೆಯವನಾಗಿ ಸ್ಕೀ ಹುಚ್ಚಿನ ಹುಡುಗ ಬರಾನ್ ನಗುತ್ತ ಜಾರಿ ಬಂದ.

"ಕಾಕಾ, ವಸಂತದ ಹಿಮ ಈಗಷ್ಟೇ ಬೆಣ್ಣೆಯಾಗಿದೆ!"

"ಬೆಣ್ಣೆ ನೆಕ್ಕುತ್ತಾ ಕೂತಿದ್ಯೇನೋ? ಅಲ್ಲಿ ನನ್ನಣ್ಣನ್ನ ಮಣ್ಣು ಮಾಡ್ತಿದಾರೆ!" ತೆಮೋ ಕೈಗವಸನ್ನು ನೆಲಕ್ಕೆ ಬಡಿದ. "ಇನ್ನು ಓಡಿದ್ರೂ ಅವನ ಮುಖ ನೋಡೋಕೆ ಸಿಗಲ್ಲ."

ಬರಾನ್ ತಲೆ ತಗ್ಗಿಸಿ ಸ್ಕೀ ಕಳಚಿದ. "ತಪ್ಪಾಯ್ತು, ಕಾಕಾ. ಇಲ್ಲಿಂದಲೇ ಅಣ್ಣನಿಗೆ ಜನಾಜಾ ನಮಾಜು, ಸತ್ತವರ ನಮಾಜು, ಮಾಡೋಣ. ನೀವು ಮುಂದೆ ನಿಲ್ಲಿ."

"ಕಾಲೇ ಬಗ್ಗದ ನಿನ್ನ ಆ ಸ್ಕೀ ಬೂಟಲ್ಲಾ?"

"ಈ ನಮಾಜಲ್ಲಿ ಬಗ್ಗೋದೇ ಇಲ್ವಲ್ಲ, ಪೂರ್ತಿ ನಿಂತೇ ಮಾಡೋದು."

ತೆಮೋ ಅವನನ್ನೇ ದಿಟ್ಟಿಸಿದ. ಆಮೇಲೆ ಮೆಕ್ಕಾ ಇರುವ ದಕ್ಷಿಣಕ್ಕೆ ತಿರುಗಿ ಕೈಯೆತ್ತಿದ. "ಅಲ್ಲಾ, ನನ್ನ ಫರ್ಹೋನ ಕ್ಷಮಿಸು, ಅವನ ಗೋರಿಗೆ ಶಾಂತಿ ಕೊಡು."