ಬಾಲವಿಲ್ಲದ ಚುಕ್ಕೆ

"ಇನ್ನೂ ಹತ್ತು ಕಿಲೋಮೀಟರ್ ಎಡಕ್ಕೆ ಸರಿಸು," ಎಂದಳು ಅವಳು. "ಗಾಳಿ ಅತ್ತಲೇ ತಳ್ಳಿರತ್ತೆ."

ಕಚೇರಿಯೆಲ್ಲ 'ಬಿಸ್ಕತ್ತು' ಎಂದೇ ಕರೆಯುವ ಸಹೋದ್ಯೋಗಿ ಬಾಯಾಡಿಸುತ್ತಲೇ ಆದೇಶ ಕಳಿಸಿದ. ಐನೂರು ಕಿಲೋಮೀಟರ್ ಮೇಲೆ, ಸೂಟ್‌ಕೇಸಿನಷ್ಟಿದ್ದ ಉಪಗ್ರಹವೊಂದು ಮಗ್ಗುಲು ಬದಲಿಸಿತು. ಚಿತ್ರ ಬರಲು ಹದಿನಾಲ್ಕು ನಿಮಿಷ.

ಎಂಜಿನ್ ಕೆಟ್ಟ ಬೋಟು. ಅದರಲ್ಲಿ ಇಪ್ಪತ್ತೆರಡರ ತಮ್ಮ. ಒಂದೇ ಕ್ಯಾನು ನೀರು. ವೈರ್‌ಲೆಸ್ಸಿನಲ್ಲಿ ಅವನಾಡಿದ ಮಾತು ಅವಳಿಗೆ ಬಾಯಿಪಾಠ: "ಅಕ್ಕಾ, ಎಂಜಿನ್ ಕೈಕೊಡ್ತು. ಬೈಬೇಡ ಕಣೇ. ಯಾರನ್ನಾದ್ರೂ ಕಳ್ಸು."

ಬೈಯುತ್ತಾಳಂತೆ. ಪೆದ್ದ.

"ಹುಡುಕೋಕೆ ಶುರುಮಾಡಿ ಇಪ್ಪತ್ತಾರು ನಿಮಿಷ ಆಯ್ತು," ಎಂದರು ಅಧಿಕಾರಿ, ಕೈಗಡಿಯಾರದಿಂದ ಕಣ್ಣೆತ್ತದೆ. ಇಸ್ತ್ರಿಯ ಕೋಟು ಹಾಕಿಕೊಂಡಿದ್ದ ಅವರು ಮತ್ತೆ ಮತ್ತೆ ಬಾಗಿಲತ್ತ ನೋಡುತ್ತಿದ್ದರು. "ನಿಮಗೆ ಕಷ್ಟ ಆಗೋದಾದ್ರೆ ಬೇರೆಯವರನ್ನ ಕೂರಿಸ್ಲಾ?"

"ನಾನೇ ನೋಡ್ಬೇಕು."

ಚಿತ್ರ ಸಾಲುಸಾಲಾಗಿ ಇಳಿಯಿತು. ಮೋಡದಾಚೆಗೂ ನೋಡುವ ರೇಡಾರಿಗೆ ಸಮುದ್ರ ಕಪ್ಪು, ಬೋಟುಗಳು ಬಿಳಿ ಚುಕ್ಕೆ. ಓಡುವ ಬೋಟಿನ ಹಿಂದೆ ನೊರೆಯ ಬಾಲವಿರುತ್ತದೆ. ಅವಳು ಜಾರಿದ ಕನ್ನಡಕ ಏರಿಸಿ ಎಣಿಸಿದಳು. ಹನ್ನೊಂದಕ್ಕೆ ಬಾಲವಿತ್ತು. ಒಂದಕ್ಕಿರಲಿಲ್ಲ.

"ಬಲೆ ಹಾಕಿ ನಿಂತಿರ್ಬೋದಲ್ವಾ ಮೇಡಂ?" ಎಂದ ಬಿಸ್ಕತ್ತು.

"ಬಲೆ ಹಾಕಿದವನು ಗಾಳಿಗೆ ಮೂತಿ ಕೊಟ್ಟು ನಿಲ್ತಾನೆ. ಇದು ನೋಡು, ಅಡ್ಡ ಬಿದ್ದಿದೆ. ಹಿಡಿಯೋರು ಯಾರೂ ಇಲ್ಲ ಇದನ್ನ."

ಗಸ್ತು ದೋಣಿ ಹೊರಟಿತು. ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. ಕಿತ್ತರೆ ಚುಕ್ಕೆ ಎಲ್ಲಿ ಅಳಿಸಿಹೋಗುವುದೋ ಎಂಬಂತೆ. ಕೊನೆಗೂ ವೈರ್‌ಲೆಸ್ ಕರಕರಗುಟ್ಟಿತು: "ಬೋಟ್ ಸಿಕ್ತು. ಮುಳುಗಿಲ್ಲ."

ಕೋಣೆ ಚಪ್ಪಾಳೆ ತಟ್ಟಿತು. ಅವಳು ಮೇಜಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. "ಇಷ್ಟು ಹತ್ರದಲ್ಲೇ ಇದ್ಯೇನೋ," ಎಂದಳು. ಬಿಸ್ಕತ್ತು ಮೊದಲ ಬಾರಿಗೆ ಅಗಿಯುವುದನ್ನು ನಿಲ್ಲಿಸಿ, ನೀರಿನ ಲೋಟ ಮುಂದೆ ಸರಿಸಿದ.

ಬಾಗಿಲು ತೆರೆಯಿತು. ನಾಲ್ಕಾರು ಅತಿಥಿಗಳು ತಡವಾದದ್ದಕ್ಕೆ ಕ್ಷಮೆ ಕೇಳುತ್ತ ಒಳಬಂದರು. ಅಧಿಕಾರಿ ಅವಳ ಕಿವಿಯ ಬಳಿ ಬಗ್ಗಿದರು.

"ಅಣಕು ಹುಡುಕಾಟಕ್ಕೆ ತಮ್ಮನ ಕೇಸೇ ಬೇಕು ಅಂತ ನೀವು ಹಟ ಹಿಡಿದದ್ದು ಒಳ್ಳೇದೇ ಆಯ್ತು ಮೇಡಂ. ಇಪ್ಪತ್ತು ವರ್ಷದ ಹಿಂದೆ ಆರು ದಿನ ಜಾಲಾಡಿದ್ರೂ ಸಿಗ್ಲಿಲ್ಲ. ಇವತ್ತು ಒಂದು ಗಂಟೆಯೊಳಗೆ! ಈ ಅತಿಥಿಗಳಿಗೆ ನೋಡೋಕೆ ಆಗ್ಲಿಲ್ವಲ್ಲ. ಆ ಖಾಲಿ ಬೋಟನ್ನ ಮತ್ತೆ ನಡುನೀರಲ್ಲಿ ಬಿಡಿಸ್ತೀನಿ, ಇನ್ನೊಂದ್ಸಲ ಹುಡುಕಿ ತೋರಿಸ್ಬಿಡಿ."

"ಆಗಲ್ಲ," ಎಂದಳು ಅವಳು. "ಸಿಕ್ಕಿದ್ದಾನೆ. ಮತ್ತೆ ಬಿಡಲ್ಲ."