ಚೈತ್ರದಲ್ಲಿ ಹೀಟರ್

ಚೈತ್ರದ ನಡುಮಧ್ಯಾಹ್ನ ನನ್ನ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದ ಯಜಮಾನರು ನನ್ನ ಗುರುತು ಹಿಡಿಯಲಿಲ್ಲ.

“ಎ.ಸಿ. ಹಾಕಿದ್ರೆ ಇಂಜಿನ್ ಕಾಯ್ತದೆ ಕಣಯ್ಯ. ಸಂಜೆ ಮಗಳ ನಿಶ್ಚಿತಾರ್ಥ, ಬೇಗ ನೋಡು.”

ಬಾನೆಟ್ ಎತ್ತಿದೆ. ರೇಡಿಯೇಟರ್ ಫ್ಯಾನು ತಿರುಗುತ್ತಿರಲಿಲ್ಲ.

“ಫ್ಯಾನು ಸುಟ್ಟೋಗಿದೆ ಸ್ವಾಮಿ, ಹೊಸದು ಬರೋದು ನಾಳೆ. ಈಗ್ಲೇ ಹೊರಡ್ಬೇಕು ಅಂದ್ರೆ ಎ.ಸಿ. ಮುಟ್ಬೇಡಿ, ಹೀಟರ್ ಪೂರ್ತಿ ಹಾಕ್ಕೊಳ್ಳಿ. ಕಾವೆಲ್ಲ ನಿಮ್ ಕಡೆ ಬರ್ತದೆ, ಇಂಜಿನ್ ಉಳೀತದೆ.”

“ಈ ಬಿಸಿಲಲ್ಲಿ ಹೀಟರಾ? ಮನುಷ್ಯ ಕೂರಕ್ಕಾಯ್ತದೇನಯ್ಯ?”

“ಆಯ್ತದೆ. ನೀವು ಮದುವೆಮನೇಲಿ ಉಣ್ಣೋವಾಗ, ಎ.ಸಿ. ಹಾಕ್ಬೇಡ, ಗಾಜೂ ಇಳಿಸ್ಬೇಡ ಅಂತಿದ್ರಿ. ನಿಮ್ ಡ್ರೈವರಾಗಿ ನಾನು ಹನ್ನೊಂದು ವರ್ಷ ಬಿಸಿಲಲ್ಲಿ ಕಾರೊಳಗೇ ಕೂತಿದ್ದೆ.”

ಆಗ ನನ್ನ ಮುಖ ನೋಡಿದರು. ಹೀಟರ್ ಹಾಕಿದರು.

ಫ್ಯಾನಿಗೆ ಏನೂ ಆಗಿರಲಿಲ್ಲ, ವೈರು ಕಳಚಿತ್ತು ಅಷ್ಟೇ. ಅದನ್ನು ಹಾಗೇ ಬಿಟ್ಟು ಬಾನೆಟ್ ಮುಚ್ಚಿದೆ, ಯಜಮಾನರು ಬೆವರುತ್ತಾ ನಿಶ್ಚಿತಾರ್ಥಕ್ಕೆ ಹೋದರು.