ಗೌಜಲಕ್ಕಿಯ ಫೋಟೋ

ಯಾರ ಫೋನಿನಲ್ಲಾದರೂ ಹಕ್ಕಿಯ ಕೂಗು ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ.

ನಾನು ಚಿಕ್ಕವಳಿದ್ದಾಗ ನಮ್ಮೂರು ಮಧುರೆಯ ಹೊಲಕ್ಕೆ ಚಿಕ್ಕಪ್ಪನ ಗೆಳೆಯರೊಬ್ಬರು ಕ್ಯಾಮೆರಾ ಹಿಡಿದು ಬಂದಿದ್ದರು. ಬದುವಿನ ಪೊದೆಯಲ್ಲಿ ಸಣ್ಣ ಸ್ಪೀಕರ್ ಇಟ್ಟು ಗಂಡು ಗೌಜಲಕ್ಕಿಯ ಕೂಗು ಹಾಕಿದರು. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿತೆಂದು ಹೊಲದ ಗೌಜಲಕ್ಕಿ ಕತ್ತು ಚಾಚಿ ಓಡಿಬಂತು. ಪೊದೆ ಸುತ್ತಿತು, ಕೂಗಿತು, ಮತ್ತೆ ಸುತ್ತಿತು. ಸುಡುಬಿಸಿಲಿನಲ್ಲಿ ಕೊಕ್ಕು ಮುಚ್ಚಲಾಗದೆ ಏದುಸಿರು ಬಿಡುತ್ತಿದ್ದರೂ ಅವರು ಸ್ಪೀಕರ್ ನಿಲ್ಲಿಸಲಿಲ್ಲ. ನಾನು ಚಪ್ಪಾಳೆ ತಟ್ಟಿ ನಗುತ್ತಿದ್ದೆ.

ತಾತ ದಾಪುಗಾಲಿಟ್ಟು ಬಂದು ಸ್ಪೀಕರನ್ನು ಎತ್ತಿ ಅವರ ಕೈಗೆ ತುರುಕಿದರು. "ವಯಸ್ನಲ್ಲಿ ನಾನೂ ಪಂಜರದಲ್ಲಿ ಗೌಜಲಕ್ಕಿ ಸಾಕಿ, ಅದರ ಕೂಗಿಗೆ ಬಂದಿದ್ದನ್ನೆಲ್ಲ ಬಲೆಗೆ ಕೆಡವಿದೋನೇ. ಆದ್ರೆ ಹಿಂಗೆ ಮರಿ ಮಾಡೋ ಕಾಲದಲ್ಲಿ ಆ ಪಂಜರ ಹೊಲಕ್ಕೆ ತರ್ತಿರ್ಲಿಲ್ಲ ಕಣಪ್ಪಾ!"

"ನಾನೇನು ಹಿಡೀತೀನಾ ತಾತ? ಬರೀ ಫೋಟೋ," ಎಂದು ಅವರು ನಕ್ಕರು.

ತಿಂಗಳಾದ ಮೇಲೆ ಆ ಫೋಟೋ ಚೌಕಟ್ಟು ಹಾಕಿಸಿಕೊಂಡು ನಮ್ಮ ಮನೆಗೆ ಬಂತು. ತೆರೆದ ಕೊಕ್ಕು, ಉಬ್ಬಿದ ಗಂಟಲು. "ಎಷ್ಟು ಚೆನ್ನಾಗಿ ಹಾಡ್ತಿದೆ ಅಲ್ವಾ ತಾತ?" ಎಂದೆ.

ತಾತ ಅದನ್ನು ಗೋಡೆಗೆ ಮುಖ ಮಾಡಿ ಇಟ್ಟರು. "ಹಾಡ್ತಿಲ್ಲ ಕಣವ್ವಾ. ನಮ್ಮನ್ನ ಬಯ್ತಿದೆ."